ಯೊಸೆಮಿಟಿ: ಛಾಯಾಚಿತ್ರಗಳು ಉಳಿಸಿದ ಕಣಿವೆ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸಿಯೆರಾ ನೆವಾಡ ಪರ್ವತಶ್ರೇಣಿಯಲ್ಲಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವು ಭೂದೃಶ್ಯ ಛಾಯಾಗ್ರಾಹಕರ ಪಾಲಿಗೆ ತೀರ್ಥಕ್ಷೇತ್ರವೆನಿಸಿದೆ. ಉದ್ಯಾನದ ವಿಸ್ತಾರ 3 ಸಾವಿರ ಚದರ ಕಿ.ಮೀ.ಗೂ ಅಧಿಕ. ಕಣಿವೆಯ ನೆಲದಿಂದ ಸುಮಾರು 900 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದಿರುವ ಎಲ್ ಕ್ಯಾಪಿಟನ್ ಬಂಡೆ, ಗುಮ್ಮಟವನ್ನು ನಡುವೆ ಸೀಳಿದಂತೆ ತೋರುವ ಹಾಫ್ ಡೋಮ್ ಶಿಖರ, ಒಟ್ಟು 739 ಮೀಟರ್ ಧುಮುಕುವ ಯೊಸೆಮಿಟಿ ಜಲಪಾತ ಇಲ್ಲಿನ ಮುಖ್ಯ ಆಕರ್ಷಣೆಗಳು. ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು ನಾಲ್ಕು ತಾಸಿನ ಹಾದಿಯಾದ್ದರಿಂದ ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಅಲ್ಲಿಗೆ ತೆರಳುವ ಹೆತ್ತವರಿಗೂ ಈ ಸ್ಥಳ ಚಿರಪರಿಚಿತ. ಆದರೆ ಇಲ್ಲಿ ಛಾಯಾಗ್ರಹಣದ ಇತಿಹಾಸವು ಉದ್ಯಾನದ ಇತಿಹಾಸಕ್ಕಿಂತ ಹಳೆಯದು ಎಂಬ ಸಂಗತಿಯನ್ನು ಅರಿತವರು ವಿರಳ.

ಗಾಜಿನ ಫಲಕಗಳ ಕಾಲ

1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬ ಛಾಯಾಗ್ರಾಹಕ ಭಾರೀ ಕ್ಯಾಮೆರಾವೊಂದನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಈ ಕಣಿವೆಗೆ ಬಂದನು. ಅವನು ಬಳಸಿದ ಗಾಜಿನ ಫಲಕಗಳ ಅಳತೆ ಸುಮಾರು 18x22 ಅಂಗುಲ. ಫಲಕಕ್ಕೆ ರಾಸಾಯನಿಕ ದ್ರಾವಣವನ್ನು ಬಳಿದು, ಅದು ಒಣಗುವ ಮುನ್ನವೇ ಚಿತ್ರ ಸೆರೆಹಿಡಿದು, ಕತ್ತಲ ಡೇರೆಯೊಳಗೆ ಸಂಸ್ಕರಿಸಬೇಕಾಗಿತ್ತು. ಇಷ್ಟು ಶ್ರಮದಿಂದ ಮೂಡಿದ ಚಿತ್ರಗಳು ದೇಶದ ಪೂರ್ವ ಕರಾವಳಿಯನ್ನು ತಲುಪಿದಾಗ, ಕಣಿವೆಯನ್ನು ಎಂದೂ ಕಾಣದವರೂ ಅದರ ಭವ್ಯತೆಗೆ ಬೆರಗಾದರು. ಅಂತರ್ಯುದ್ಧದ ನಡುವೆಯೇ, 1864ರ ಜೂನ್ 30ರಂದು, ಅಧ್ಯಕ್ಷ ಅಬ್ರಹಾಂ ಲಿಂಕನ್ ಈ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಯ್ದಿರಿಸುವ ಕಾಯಿದೆಗೆ ಅಂಕಿತ ಹಾಕಿದರು. ಈ ನಿರ್ಧಾರದ ಹಿಂದೆ ವಾಟ್ಕಿನ್ಸ್ ಚಿತ್ರಗಳ ಪ್ರಭಾವವಿತ್ತೆಂಬುದು ಇತಿಹಾಸಕಾರರ ಅಭಿಮತ. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು.

ಆ ಚಿತ್ರಗಳಲ್ಲಿ ಕಣಿವೆ ನಿರ್ಜನವಾಗಿ ಕಾಣುತ್ತದೆ. ವಾಸ್ತವವಾಗಿ ಅದು ಅವ್ವಾನೀಚಿ ಮೂಲನಿವಾಸಿಗಳ ನೆಲೆಯಾಗಿತ್ತು. 1851ರಲ್ಲಿ ಮಾರಿಪೋಸ ದಳವೆಂಬ ಸಶಸ್ತ್ರ ತಂಡವು ಕಣಿವೆಯನ್ನು ಹೊಕ್ಕು ಅವರನ್ನು ಅಲ್ಲಿಂದ ಹೊರದೂಡಿತ್ತು. ಚೌಕಟ್ಟಿನೊಳಗಿನ ನಿಸರ್ಗವನ್ನು ಉಳಿಸಿದ ಚಿತ್ರಗಳು ಚೌಕಟ್ಟಿನ ಹೊರಗುಳಿದವರ ಕಥೆಯನ್ನು ಹೇಳಲಿಲ್ಲ.

ಕೊನೆಯ ಫಲಕದ ಚಿತ್ರ

ವಾಟ್ಕಿನ್ಸ್ ನಿಧನನಾದ 1916ರಲ್ಲಿಯೇ ಹದಿನಾಲ್ಕರ ಬಾಲಕ ಆನ್ಸೆಲ್ ಆ್ಯಡಮ್ಸ್ ಕೊಡಕ್ ಬ್ರೌನಿ ಕ್ಯಾಮೆರಾ ಹಿಡಿದು ಮೊದಲ ಬಾರಿಗೆ ಯೊಸೆಮಿಟಿಗೆ ಬಂದದ್ದು ಕಾಕತಾಳೀಯ. 1927ರ ಏಪ್ರಿಲ್‌ನಲ್ಲಿ ಹಾಫ್ ಡೋಮ್ ಎದುರು ನಿಂತಾಗ ಆ್ಯಡಮ್ಸ್ ಬಳಿ ಉಳಿದಿದ್ದುದು ಎರಡೇ ಫಲಕಗಳು. ಹಳದಿ ಫಿಲ್ಟರ್ ಬಳಸಿ ಮೊದಲನೆಯದನ್ನು ತೆಗೆದಾಗ, ತಮ್ಮ ಮನಸ್ಸಿಗೆ ಕಂಡ ಗಾಂಭೀರ್ಯ ಅದರಲ್ಲಿ ಮೂಡದೆಂದು ಅವರಿಗೆ ಹೊಳೆಯಿತು. ಕೊನೆಯ ಫಲಕಕ್ಕೆ ಗಾಢ ಕೆಂಪು ಫಿಲ್ಟರ್ ಅಳವಡಿಸಿದರು. ಆಕಾಶ ಕಪ್ಪಾಗಿ, ಬಂಡೆ ಮೈದುಂಬಿ ನಿಂತ ‘ಮೊನೊಲಿತ್’ ಚಿತ್ರ ಹುಟ್ಟಿದ್ದು ಹೀಗೆ. ಕ್ಯಾಮೆರಾ ಒತ್ತುವ ಮುನ್ನ ಚಿತ್ರವನ್ನು ಮನಸ್ಸಿನಲ್ಲೇ ಕಾಣಬೇಕೆಂಬ ಅವರ ಬೋಧನೆಗೆ ಇದೇ ಬುನಾದಿ. 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೂ ಆ್ಯಡಮ್ಸ್ ಚಿತ್ರಗಳು ನೆರವಾದವು.

ಜನಸಂದಣಿಯ ಸವಾಲು

ಫೆಬ್ರವರಿಯ ಉತ್ತರಾರ್ಧದಲ್ಲಿ ಕೆಲವು ದಿನ ಸೂರ್ಯಾಸ್ತದ ಕಿರಣಗಳು ಎಲ್ ಕ್ಯಾಪಿಟನ್‌ನ ಪಕ್ಕದ ಹಾರ್ಸ್‌ಟೇಲ್ ಜಲಪಾತವನ್ನು ಬೆಂಕಿಯ ಧಾರೆಯಂತೆ ಬೆಳಗಿಸುತ್ತವೆ. ಜಲಪಾತದಲ್ಲಿ ನೀರಿದ್ದು, ಪಶ್ಚಿಮದಲ್ಲಿ ಮೋಡವಿಲ್ಲದಿದ್ದರೆ ಮಾತ್ರ ಹತ್ತಾರು ನಿಮಿಷ ಕಾಣುವ ದೃಶ್ಯವಿದು. ಗೇಲನ್ ರೋವೆಲ್ 1973ರಲ್ಲಿ ತೆಗೆದ ಚಿತ್ರದಿಂದ ಇದು ಖ್ಯಾತಿ ಪಡೆಯಿತು. ಈಚಿನ ವರ್ಷಗಳಲ್ಲಿ ಸಾವಿರಾರು ಮಂದಿ ಒಮ್ಮೆಲೇ ನೆರೆದುದರಿಂದ ಮರ್ಸೆಡ್ ನದಿಯ ದಂಡೆ ಕುಸಿದು, ಸಸ್ಯಗಳು ತುಳಿತಕ್ಕೆ ಸಿಕ್ಕಿ, ಆಡಳಿತವು ವಾಹನ ನಿಲುಗಡೆಗೂ ಪಾದಚಾರಿಗಳಿಗೂ ನಿರ್ಬಂಧ ವಿಧಿಸಬೇಕಾಯಿತು. ಕೆಲವು ವರ್ಷ ಪ್ರವೇಶಕ್ಕೆ ಮುಂಗಡ ಕಾಯ್ದಿರಿಸುವಿಕೆಯೂ ಕಡ್ಡಾಯವಾಗಿತ್ತು.

ಪ್ರವಾಸಕ್ಕೆ ಸೂಕ್ತ ಸಮಯ

ಹಿಮ ಕರಗುವ ಮೇ-ಜೂನ್ ತಿಂಗಳಲ್ಲಿ ಜಲಪಾತಗಳು ಭೋರ್ಗರೆಯುತ್ತವೆ. ಆಗಸ್ಟ್ ವೇಳೆಗೆ ಯೊಸೆಮಿಟಿ ಜಲಪಾತ ಬತ್ತುವುದೂ ಉಂಟು. ವಸಂತದ ಹುಣ್ಣಿಮೆಯ ರಾತ್ರಿಗಳಲ್ಲಿ ಅದರ ತುಂತುರಿನಲ್ಲಿ ಚಂದ್ರನ ಬೆಳಕಿನ ಕಾಮನಬಿಲ್ಲು ಮೂಡುತ್ತದೆ. ಎಲ್ ಕ್ಯಾಪಿಟನ್, ಹಾಫ್ ಡೋಮ್ ಎರಡನ್ನೂ ಒಟ್ಟಿಗೆ ತೋರುವ ಟನಲ್ ವ್ಯೂ ತಾಣಕ್ಕೆ ಇಳಿಹೊತ್ತಿನ ಬೆಳಕು ಪ್ರಶಸ್ತ. ಗ್ಲೇಸಿಯರ್ ಪಾಯಿಂಟ್ ಹಾಗೂ ಟಯೋಗ ರಸ್ತೆಗಳು ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ವರೆಗೆ ಹಿಮದಿಂದಾಗಿ ಮುಚ್ಚಿರುತ್ತವೆ. 2014ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸುವುದು ನಿಷಿದ್ಧ. ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ಒಂದೂವರೆ ಶತಮಾನದ ಹಿಂದೆ ಛಾಯಾಚಿತ್ರವು ಈ ಕಣಿವೆಗೆ ರಕ್ಷಣೆ ಒದಗಿಸಿತು. ಇಂದು ಅದೇ ಚಿತ್ರದ ಹಂಬಲ ಅಲ್ಲಿನ ನೆಲಕ್ಕೆ ಭಾರವಾಗುತ್ತಿದೆ. ಗುರುತಿಸಿದ ಹಾದಿಯನ್ನು ಬಿಟ್ಟಿಳಿಯದೆ, ಸಿಗದ ಚಿತ್ರವನ್ನು ಸಿಗದಂತೆಯೇ ಬಿಟ್ಟು ಬರುವ ಸಂಯಮವೂ ಛಾಯಾಗ್ರಾಹಕನಿಗೆ ಅಗತ್ಯ.