ಕೊಬ್ಬು: ಬೈಗುಳದಿಂದ ರಕ್ತದ ವರದಿಗೆ

ಹುಬ್ಬಳ್ಳಿಯಿಂದ ಬರುವ ಹೆದ್ದಾರಿ ಬಿಟ್ಟು ಬಾದಾಮಿಯತ್ತ ಹೊರಳುವ ಕುಳಗೇರಿ ಕ್ರಾಸ್ ಸೀಮೆಯ ಮಾತಿನಲ್ಲಿ ‘ಕೊಬ್ಬು’ ಎರಡು ಕಡೆ ದುಡಿಯುತ್ತದೆ. ‘ಅವಗ ಕೊಬ್ಬು ಹೆಚ್ಚಾಗೈತಿ’ ಎಂದರೆ ಬೈಗುಳ. ‘ರಕ್ತದಾಗ ಕೊಬ್ಬು ಏರೈತಿ’ ಎಂದರೆ ಕಾಯಿಲೆಯ ಸುದ್ದಿ. ಬೈಗುಳದ ನೆರಳು ಕಾಯಿಲೆಯವರ ಮೇಲೂ ಬೀಳುತ್ತದೆ. ಅದಕ್ಕೇ ಈ ಪದದ ಬೇರು ಕೆದಕಬೇಕು.

ಹಳಗನ್ನಡದಲ್ಲಿ ಇದು ‘ಕೊರ್ವು’. ‘ಇರ್ವರ್’ ಎಂಬುದು ‘ಇಬ್ಬರು’ ಆದ ದಾರಿಯಲ್ಲೇ ‘ಕೊರ್ವು’ ‘ಕೊರ್ಬು’ ಆಗಿ, ‘ಕೊಬ್ಬು’ ಆಯಿತು. ತಮಿಳಿನ ‘ಕೊಳುಪ್ಪು’, ತೆಲುಗಿನ ‘ಕ್ರೊವ್ವು’ ಇದರ ಒಡಹುಟ್ಟು. ಮೈಯೊಳಗಿನ ಜಿಡ್ಡಿನ ವಸ್ತುವಿಗೆ ‘ನೆಣ’ ಎಂಬ ಬೇರೆ ಹೆಸರೇ ಇತ್ತು. ‘ಕೊಬ್ಬು’ ಕ್ರಿಯಾಪದವೂ ಹೌದು: ಸೊಂಪಾಗಿ ಬೆಳೆ, ಉಬ್ಬು, ಸೊಕ್ಕು. 1894ರ ಕಿಟ್ಟೆಲ್ ನಿಘಂಟಿನಲ್ಲಿ ದಪ್ಪವಾಗುವುದೂ ಗರ್ವಪಡುವುದೂ ಒಟ್ಟಿಗೇ ಸಿಗುತ್ತವೆ. ತಮಿಳು, ತೆಲುಗಿನಲ್ಲೂ ಇದೇ ಪದ ಹಿಡಿದು ಸೊಕ್ಕಿನವರನ್ನು ಬೈಯುತ್ತಾರೆ. ಉಂಡು ಬೆಳೆದವನಿಗೆ ಸೊಕ್ಕು ಬರುತ್ತದೆಂಬ ನಂಬಿಕೆ ಅಷ್ಟು ಹಳೆಯದು.

ಆಧುನಿಕ ವೈದ್ಯ ಬಂದಾಗ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಲ್ಲಕ್ಕೂ ಜನ ಈ ಒಂದೇ ಹೆಸರು ಕೊಟ್ಟರು. ಆದರೆ ಕೊಬ್ಬು ನೀರಲ್ಲಿ ಕರಗದು. ರಕ್ತದಲ್ಲಿ ಅದು ಪ್ರೋಟೀನ್ ಹೊದ್ದ ಕಣಗಳಲ್ಲಿ, ಅಂದರೆ ಲಿಪೊಪ್ರೋಟೀನ್‌ಗಳಲ್ಲಿ ಸಾಗುತ್ತದೆ. ಅವುಗಳಲ್ಲೊಂದು ಎಲ್‌ಡಿಎಲ್; ವರದಿಯ ‘ಎಲ್‌ಡಿಎಲ್’ ಅಂಕಿ ಹಲವು ಸಲ 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಬಂದ ಲೆಕ್ಕ. ಪ್ರತಿಕಾಯ ಬಳಸುವ ಇಮ್ಯುನೊಅಸ್ಸೇ ಎಂಬ ಇನ್ನೊಂದು ವಿಧಾನ ಕೊಬ್ಬನ್ನು ಬಿಟ್ಟು ಅದನ್ನು ಹೊತ್ತ ಪ್ರೋಟೀನನ್ನೇ ಹಿಡಿಯುತ್ತದೆ. ಅಪೊ-ಬಿ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳನ್ನು ಸೀರಂಗೆ ಬೆರೆಸುತ್ತಾರೆ. ಅವು ಗಂಟುಗಟ್ಟಿ ದ್ರವ ಕದಡುತ್ತದೆ. ಬೆಳಕಿಗೆ ಎಷ್ಟು ತಡೆಯಾಯಿತೆಂಬುದರಿಂದ ಪ್ರಮಾಣ ತಿಳಿಯುತ್ತದೆ. ಒಂದೊಂದು ಎಲ್‌ಡಿಎಲ್ ಕಣದಲ್ಲಿ ಒಂದೇ ಅಪೊ-ಬಿ ಇರುವುದರಿಂದ ಇದು ಕಣಗಳ ಎಣಿಕೆಯೇ ಆಗುತ್ತದೆ.

1963ರಲ್ಲಿ ನಾರ್ವೆಯ ಕೋರೆ ಬರ್ಗ್ ಲಿಪೊಪ್ರೋಟೀನ್-ಎ ಎಂಬ ಇನ್ನೊಂದು ಕಣವನ್ನು ಗುರುತಿಸಿದ್ದೂ ಪ್ರತಿಕಾಯಗಳ ನೆರವಿನಿಂದಲೇ. ಅದರ ಪ್ರೋಟೀನಿನ ಗಾತ್ರ ಮನುಷ್ಯನಿಂದ ಮನುಷ್ಯನಿಗೆ ಬೇರೆ. ಹಾಗಾಗಿ ಕೆಲವು ಕಿಟ್‌ಗಳ ಅಳತೆ ಏರುಪೇರಾಗುತ್ತದೆ. ಅದರ ಮಟ್ಟವನ್ನು ಬಹುಪಾಲು ವಂಶವಾಹಿಯೇ ನಿರ್ಧರಿಸುತ್ತದೆ. ಪಥ್ಯ, ವ್ಯಾಯಾಮಗಳಿಗೆ ಅದು ಅಷ್ಟಾಗಿ ಜಗ್ಗದು. ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅಳೆಸಿಕೊಳ್ಳಿ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹಗಲೆಲ್ಲ ಹೊಲದಲ್ಲಿ ದುಡಿದು, ಜೋಳದ ರೊಟ್ಟಿ ಉಣ್ಣುವ ತೆಳ್ಳನೆಯ ಮನುಷ್ಯನಲ್ಲೂ ಈ ಕಣ ಹೆಚ್ಚಿರಬಹುದು. ‘ನನಗೆಲ್ಲಿಯ ಕೊಬ್ಬು’ ಎಂದು ಅವನು ಪರೀಕ್ಷೆ ತಪ್ಪಿಸಿಕೊಂಡರೆ ಆ ಹಳೆಯ ಬೈಗುಳವೇ ಅವನಿಗೆ ಮುಳುವಾಗುತ್ತದೆ. ಪದ ಇರಲಿ, ಅದರೊಳಗಿನ ದೂರು ಬೇಡ. ತಂದೆತಾಯಿಯಿಂದ ಬಂದದ್ದಕ್ಕೆ ನಾಚಬೇಕಿಲ್ಲ. ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರೂ ಮಕ್ಕಳೂ ರಕ್ತ ತೋರಿಸಿಕೊಳ್ಳಬೇಕು.