ಓಡಿಬಂದ ದಾಸನೂ ಧರ್ಮಗ್ರಂಥವೂ

ಯೆಹೂದ್ಯ ಹಾಗೂ ಕ್ರೈಸ್ತ ಧರ್ಮಗ್ರಂಥಗಳು ದಾಸ್ಯವನ್ನು ಸಮ್ಮತಿಸುತ್ತವೆಯೋ ಖಂಡಿಸುತ್ತವೆಯೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ದೊರೆಯುವುದಿಲ್ಲ. ಒಡೆಯನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಏನು ಮಾಡಬೇಕೆಂಬ ಒಂದು ಪ್ರಸಂಗವನ್ನು ಹಿಡಿದು ನಾವು ಈ ವಿಷಯವನ್ನು ಇಲ್ಲಿ ಪರಿಶೀಲಿಸಬಹುದು.

ಕ್ರಿ.ಪೂ. ೧೮ನೆಯ ಶತಮಾನದ ಬಾಬಿಲೋನಿನಲ್ಲಿ ಹಮ್ಮುರಾಬಿಯ ಕಟ್ಟಳೆಯು ಇಂಥ ದಾಸನನ್ನು ಮನೆಯಲ್ಲಿ ಅಡಗಿಸಿಟ್ಟವನಿಗೆ ಮರಣದಂಡನೆಯನ್ನು ವಿಧಿಸಿತು. ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಯೆಹೂದ್ಯ ಗ್ರಂಥದಲ್ಲಿ, ಧರ್ಮೋಪದೇಶಕಾಂಡದ ೨೩ನೆಯ ಅಧ್ಯಾಯದ ವಿಧಿಯಾದರೋ ಇದಕ್ಕೆ ತೀರ ವಿರುದ್ಧವಾದುದು. ಆಶ್ರಯ ಬೇಡಿ ಬಂದವನನ್ನು ಒಡೆಯನ ವಶಕ್ಕೆ ಕೊಡುವುದನ್ನು ಅದು ನಿಷೇಧಿಸುತ್ತದೆ. ನೆಲಸುವ ಊರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಅವನಿಗೆ ನೀಡುತ್ತದೆ. ಐಗುಪ್ತದಲ್ಲಿ ತಾವೇ ದಾಸರಾಗಿದ್ದೆವೆಂಬ ಸ್ಮರಣೆ ಆ ಕಾಂಡದ ಅನೇಕ ವಿಧಿಗಳಿಗೆ ಆಧಾರ. ಆದರೆ ಅದೇ ಗ್ರಂಥದ ಯಾಜಕಕಾಂಡವು ೨೫ನೆಯ ಅಧ್ಯಾಯದಲ್ಲಿ, ಬಡತನದಿಂದ ತನ್ನನ್ನು ಮಾರಿಕೊಂಡ ಇಸ್ರಾಯೇಲ್ಯನನ್ನು ಕೂಲಿಯಾಳಿನಂತೆ ಕಾಣಬೇಕೆಂದು ಹೇಳಿ, ಅನ್ಯಜನರನ್ನು ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಡಲು ಅನುಮತಿ ಕೊಡುತ್ತದೆ.

ಹೊಸ ಒಡಂಬಡಿಕೆಯಲ್ಲಿ ಪೌಲನು ಸೆರೆಯಿಂದ ಫಿಲೆಮೋನನಿಗೆ ಬರೆದ ೨೫ ವಚನಗಳ ಪತ್ರವಿದೆ. ಒನೇಸಿಮನೆಂಬ ದಾಸನನ್ನು ಅವನು ಒಡೆಯನ ಬಳಿಗೇ ಹಿಂದಕ್ಕೆ ಕಳುಹಿಸುತ್ತಾನೆ. ಆದರೆ ಸಹೋದರನಂತೆ ಬರಮಾಡಿಕೊಳ್ಳಬೇಕೆಂದು ಕೋರಿ, ನಷ್ಟವೇನಾದರೂ ಆಗಿದ್ದರೆ ತಾನೇ ತೆರುವುದಾಗಿ ಬರೆಯುತ್ತಾನೆ. ಬಿಡುಗಡೆಯ ಸ್ಪಷ್ಟವಾದ ಬೇಡಿಕೆ ಅಲ್ಲಿಲ್ಲ. ಒನೇಸಿಮನು ಓಡಿಬಂದವನೆಂಬುದು ಸಹ ಪರಂಪರೆಯ ವ್ಯಾಖ್ಯಾನವೇ ಹೊರತು ಪತ್ರದ ಮಾತಲ್ಲ.

ಓಡಿಹೋದ ದಾಸರನ್ನು ಹಿಡಿದೊಪ್ಪಿಸಬೇಕೆಂಬ ಕಾನೂನು ೧೮೫೦ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಾಗ ಈ ಎರಡು ಭಾಗಗಳೂ ವಾದದ ಆಯುಧಗಳಾದವು. ವಿರೋಧಿಗಳು ಧರ್ಮೋಪದೇಶಕಾಂಡವನ್ನು ಮುಂದಿಟ್ಟರೆ ಸಮರ್ಥಕರು ಪೌಲನ ಪತ್ರವನ್ನು ತೋರಿಸಿದರು. ಹಳೆಯ ವಿಧಿಯು ಅನ್ಯಧರ್ಮೀಯ ಒಡೆಯರಿಂದ ಓಡಿಬಂದವರಿಗೆ ಮಾತ್ರ ಸಲ್ಲುವುದೆಂದು ಪಂಡಿತ ಮೋಸಸ್ ಸ್ಟುವರ್ಟನು ಅದೇ ವರ್ಷ ವಾದಿಸಿದನು.

ಇದಕ್ಕೂ ಮೊದಲೇ, ೧೮೦೭ರಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸಿನ ದಾಸರಿಗಾಗಿ ಬೈಬಲಿನ ಆಯ್ದ ಭಾಗಗಳು ಲಂಡನ್ನಿನಲ್ಲಿ ಅಚ್ಚಾಗಿದ್ದವು. ಐಗುಪ್ತದಿಂದ ಬಿಡುಗಡೆಯಾದ ಕಥೆಯನ್ನು ಅದರಲ್ಲಿ ಕೈಬಿಡಲಾಗಿತ್ತು; ಒಡೆಯರಿಗೆ ವಿಧೇಯರಾಗಿರಬೇಕೆಂಬ, ಎಫೆಸದವರಿಗೆ ಬರೆದ ಪತ್ರದ ಬೋಧನೆಯನ್ನು ಉಳಿಸಿಕೊಳ್ಳಲಾಗಿತ್ತು.

ಗ್ರಂಥವು ದಾಸ್ಯಪದ್ಧತಿಯನ್ನು ರದ್ದುಮಾಡಲಿಲ್ಲವೆಂಬುದನ್ನು ನಾವು ಮರೆಮಾಚಲಾಗದು. ಆದರೆ ದಾಸರ ಕಿವಿಗೆ ಬೀಳಬಾರದೆಂದು ಬಿಡುಗಡೆಯ ಕಥೆಯನ್ನು ತೆಗೆದುಹಾಕಿದವರು ಅದರ ಶಕ್ತಿಯನ್ನು ತಾವೇ ಒಪ್ಪಿಕೊಂಡಂತಾಯಿತು. ಆದುದರಿಂದ ಧರ್ಮಗ್ರಂಥವು ಏನು ಹೇಳುತ್ತದೆಂದು ಕೇಳುವಾಗ, ಅದರ ಯಾವ ಭಾಗವನ್ನು ಯಾರು ಯಾರಿಗೆ ಓದಿ ಹೇಳಿದರೆಂಬುದನ್ನೂ ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೇಳಲೇಬೇಕು.