ಪದವಿನ ಕಾಡುನೀರುಳ್ಳಿ

ಮಂಗಳೂರನ್ನು ಮಳೆಯ ಊರೆಂದು ಕರೆಯುವುದು ವಾಡಿಕೆ. ವರ್ಷವೊಂದಕ್ಕೆ 150 ಅಂಗುಲಗಳ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಪಟ್ಟಣದ ಸಸ್ಯಗಳನ್ನು ಕುರಿತು ಬರೆಯಹೊರಟವನು ಶುಷ್ಕಪ್ರದೇಶದ ಗಿಡವೊಂದನ್ನು ಆರಿಸಿಕೊಂಡನೆಂದರೆ, ಆತನು ತುಳುವರ ಆಟಿ ತಿಂಗಳ ಮಳೆಯಲ್ಲಿ ಒಮ್ಮೆಯೂ ನೆನೆದವನಲ್ಲವೆಂದು ಓದುಗರು ಭಾವಿಸಿಯಾರು. ಆದರೆ ಆ ಮಳೆಯ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಮುಗಿದುಹೋಗುವುದೆಂಬುದನ್ನೂ, ಊರಿನ ಸುತ್ತ ಕೊಣಾಜೆ, ಬಜಪೆ, ಕೆಂಜಾರು ಮೊದಲಾದ ಕಡೆಗಳಲ್ಲಿ ಹರಡಿಕೊಂಡಿರುವ ಮುರಕಲ್ಲಿನ ಪದವುಗಳ, ಎಂದರೆ ಎತ್ತರದ ಬೋಳು ಬಯಲುಗಳ, ಮೇಲೆ ಅನೇಕ ಎಡೆಗಳಲ್ಲಿ ಗೇಣುದ್ದದ ಮಣ್ಣೂ ಇಲ್ಲದ ಕಾರಣ ಬಿದ್ದ ನೀರು ಇಳಿಜಾರಿನ ಗದ್ದೆತೋಟಗಳ ಕಡೆಗೆ ಬೇಗನೆ ಹರಿದುಹೋಗುವುದೆಂಬುದನ್ನೂ ಗಮನಕ್ಕೆ ತಂದುಕೊಂಡರೆ, ಮಾರ್ಗಶಿರದಿಂದ ಜ್ಯೇಷ್ಠದವರೆಗೆ ಆ ಪದವುಗಳ ಸ್ಥಿತಿಯು ಬಯಲುಸೀಮೆಯ ಬರಡುನೆಲಕ್ಕಿಂತ ಏನೂ ಮೇಲಲ್ಲವೆಂಬುದು ವಿಶದವಾಗುತ್ತದೆ. ಹುಲ್ಲೆಲ್ಲ ಒಣಗಿ ಬೂದಿಬಣ್ಣಕ್ಕೆ ತಿರುಗಿ, ಬರಿಗಾಲನ್ನಿಟ್ಟರೆ ಅಂಗಾಲು ಸುಡುವ ಆ ಕಲ್ಲಿನ ಬಿರುಕುಗಳಲ್ಲಿ, ಒಂದು ಹನಿ ನೀರನ್ನೂ ಬೇಡದೆ, ಎಲೆಯೊಂದನ್ನೂ ಹೊರದೆ, ಚೈತ್ರ ವೈಶಾಖಗಳಲ್ಲಿ ನೆಟ್ಟಗೆ ಎದ್ದುನಿಲ್ಲುವ ಮೊಳಕಾಲೆತ್ತರದ ಹೂದಂಟೊಂದುಂಟು. ಅದೇ ಕಾಡುನೀರುಳ್ಳಿ, ಘಟ್ಟದ ಮೇಲಿನವರ ಅಡವಿ ಈರುಳ್ಳಿ.

ಈ ಗಿಡವನ್ನು ಕಾಣಬೇಕೆಂದರೆ ಹೊತ್ತನ್ನು ಅರಿತು ಹೋಗತಕ್ಕದ್ದು. ದಂಟಿನ ಮೇಲೆ ದೂರ ದೂರಕ್ಕೆ ತೂಗುವ ಗಂಟೆಯಾಕಾರದ ಹೂಗಳು ಮಾಸಲು ಬಿಳುಪಿನವು. ಒಂದೊಂದು ಎಸಳಿನ ನಡುವೆಯೂ ಕಂದುಬಣ್ಣದ ಗೆರೆಯೊಂದು ಉದ್ದಕ್ಕೆ ಹರಿದಿರುತ್ತದೆ. ಹೊತ್ತು ಮುಳುಗಿದ ಮೇಲೆ ಅರಳಿ ಬೆಳಗಾಗುವಷ್ಟರಲ್ಲಿ ಮುದುಡುವ ಈ ಹೂಗಳನ್ನು ದೇವರ ಪೂಜೆಗೆ ಕೊಯ್ಯುವವರಿಲ್ಲ, ಮುಡಿಯುವವರಿಲ್ಲ. ಮಳೆ ಹಿಡಿದ ಬಳಿಕ ದಂಟು ಎಲ್ಲಿತ್ತೆಂಬ ಗುರುತೇ ಉಳಿಯದೆ ಅದೇ ಸ್ಥಳದಲ್ಲಿ ಚಪ್ಪಟೆಯಾದ ನೀಳ ಎಲೆಗಳು ಹೊರಡುತ್ತವೆ. ಅವು ಕಾರ್ತಿಕ ಕಳೆಯುತ್ತಲೆ ಒಣಗಿ ಮಾಯವಾಗುತ್ತವೆ. ಹೂವಿಗೆ ಎಲೆಯ ಪರಿಚಯವಿಲ್ಲ, ಎಲೆಗೆ ಹೂವಿನದಿಲ್ಲ. ನೆಲದೊಳಗೆ ವರ್ಷವಿಡೀ ಇರುವುದು ಮುಷ್ಟಿಗಾತ್ರದ, ಪೊರೆಯ ಮೇಲೆ ಪೊರೆಯುಳ್ಳ, ಮಾಸಿದ ಬಿಳಿಬಣ್ಣದ ಕಂದವೊಂದೇ. ಅದನ್ನು ಕೊಯ್ದರೆ ಲೋಳೆಯಾದ ರಸ ಒಸರುತ್ತದೆ. ಆ ರಸದಲ್ಲಿರುವ ಸೂಜಿಯಂಥ ಸೂಕ್ಷ್ಮ ಹರಳುಗಳು ಚರ್ಮಕ್ಕೆ ಚುಚ್ಚಿ ಕೈಯೆಲ್ಲ ತುರಿಸುತ್ತದೆ. ನಾಲಗೆಗೆ ಸೋಕಿದರೆ ಕಹಿ, ಹೊಟ್ಟೆಗಿಳಿದರೆ ವಾಂತಿ, ಪ್ರಮಾಣ ಮೀರಿದರೆ ಹೃದಯದ ಬಡಿತವೇ ತಪ್ಪಿ ಪ್ರಾಣಾಪಾಯ. ದನಗಳು ಇದನ್ನು ಮೂಸಿ ನೋಡಿ ಮುಂದಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಸಸ್ಯಶಾಸ್ತ್ರಜ್ಞರು ಈಗ ಡ್ರಿಮಿಯ ಎಂದು ಕರೆಯುವ ಕುಲಕ್ಕೆ ಇದು ಸೇರಿದ್ದು. ಸುಮಾರು ನೂರು ಜಾತಿಗಳುಳ್ಳ ಈ ಕುಲವು ದಕ್ಷಿಣ ಆಫ್ರಿಕದ ಒಣಭೂಮಿಯಿಂದ ಮೊದಲಾಗಿ ಮೆಡಿಟರೇನಿಯನ್ ಸಮುದ್ರದ ಕರಾವಳಿಯವರೆಗೂ, ಅಲ್ಲಿಂದ ನಮ್ಮ ದೇಶದವರೆಗೂ ಹಬ್ಬಿದೆ. ಅವುಗಳಲ್ಲಿ ಲೋಕಪ್ರಸಿದ್ಧವಾದದ್ದು ಮೆಡಿಟರೇನಿಯನ್ ತೀರದ ಸ್ಕ್ವಿಲ್. ಗ್ರೀಕರ ವೈದ್ಯ ಡಯೊಸ್ಕೊರಿಡಿಸನು ಕ್ರಿಸ್ತಶಕದ ಮೊದಲ ಶತಮಾನದಲ್ಲಿಯೇ ಅದರ ಗುಣಗಳನ್ನು ಬರೆದಿಟ್ಟನು. ಮನೆಬಾಗಿಲಿಗೆ ಅದನ್ನು ತೂಗುಹಾಕಿದರೆ ಕೆಡುಕು ಒಳಗೆ ಬಾರದೆಂದು ಪೈಥಾಗೊರಸನು ನಂಬಿದ್ದನೆಂದು ರೋಮಿನ ಪ್ಲಿನಿಯು ಹೇಳುತ್ತಾನೆ. ಅಲ್ಲಿ ಮಳೆಗಾಲವು ಚಳಿಗಾಲದಲ್ಲಿ ಬರುವುದರಿಂದ ಸ್ಕ್ವಿಲ್ಲಿನ ಹೂದಂಟು ಏಳುವುದು ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳ ಬಿಸಿಲಿನ ಕೊನೆಗೆ. ಸಾವಿರಾರು ಮೈಲಿಗಳ ಅಂತರದಲ್ಲಿರುವ ಈ ಎರಡು ಜಾತಿಗಳೂ ತಂತಮ್ಮ ನಾಡಿನ ಪಂಚಾಂಗವನ್ನು ತಿದ್ದಿಕೊಂಡು, ಎರಡೂ ಮಳೆಗೆ ಮುಂಚೆ, ಎರಡೂ ಎಲೆಯಿಲ್ಲದೆ ಹೂಬಿಡುವುದನ್ನು ನೆನೆದರೆ, ಬಂಧುತ್ವವನ್ನು ಸಾಧಿಸಲು ಬೇರೆ ಪ್ರಮಾಣವೇ ಬೇಡವೆನ್ನಿಸುತ್ತದೆ.

ಆ ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಹುಟ್ಟಿದ ಒಬ್ಬ ವರ್ತಕನು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನ ನಿವಾಸಿಯಾಗಿದ್ದನು. ಟ್ಯುನೀಸಿಯದ ಮಹ್ದಿಯ ಪಟ್ಟಣದ ಯಹೂದ್ಯನಾದ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಇಲ್ಲಿಗೆ ಬಂದು, ಕಂಚಿನ ಪಾತ್ರೆಗಳನ್ನು ಮಾಡಿಸುತ್ತ, ಮೆಣಸು ಅಡಕೆಗಳ ವ್ಯಾಪಾರವನ್ನು ನಡೆಸುತ್ತ, ಇಲ್ಲಿಯ ಹೆಣ್ಣೊಬ್ಬಳೊಡನೆ ಸಂಸಾರ ಹೂಡಿ, 1149ರಲ್ಲಿ ಏಡನ್ ಪಟ್ಟಣಕ್ಕೆ ಮರಳಿದನು. ಕೈರೋ ನಗರದ ಯಹೂದ್ಯರ ಮಂದಿರವೊಂದರ ಹಳೆಯ ಕಾಗದಗಳ ರಾಶಿಯಲ್ಲಿ ಅವನ ಪತ್ರಗಳು ದೊರೆತ ಕಾರಣ ಇಷ್ಟೆಲ್ಲ ನಮಗೆ ತಿಳಿದಿದೆ. ಅವನ ತಾಯ್ನಾಡಿನ ಕರಾವಳಿಯಲ್ಲಿ ಸ್ಕ್ವಿಲ್ ತಾನೇ ತಾನಾಗಿ ಬೆಳೆಯುತ್ತದೆ. ಉತ್ತರ ಆಫ್ರಿಕ ಪ್ಯಾಲೆಸ್ಟೈನ್‌ಗಳ ಜನರು ಅದನ್ನು ಹೊಲದ ಗಡಿಗಳಲ್ಲಿಯೂ ಗೋರಿಗಳ ಬಳಿಯಲ್ಲಿಯೂ ನೆಡುತ್ತಿದ್ದರು. ಬೇರು ನೆಟ್ಟಗೆ ಕೆಳಕ್ಕಿಳಿಯುವುದರಿಂದ ಪಕ್ಕದವನ ಭೂಮಿಯನ್ನು ಒತ್ತುವುದಿಲ್ಲವೆಂಬುದೂ, ಕಿತ್ತರೂ ಒಂದು ತುಂಡು ಉಳಿದು ಚಿಗುರುವುದೆಂಬುದೂ ಅದಕ್ಕೆ ಕಾರಣ. ಯೆಹೋಶುವನು ಇಸ್ರೇಲಿನ ಕುಲಗಳಿಗೆ ನೆಲವನ್ನು ಹಂಚಿಕೊಟ್ಟಾಗ ಗಡಿಗುರುತಿಗೆ ಬಳಸಿದನೆಂದು ಯಹೂದ್ಯರ ತಾಲ್ಮೂದ್ ಗ್ರಂಥವು ಹೇಳುವ ಗಿಡವೂ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಗಡಿತಂಟೆಗಳಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಕೊರತೆಯಿಲ್ಲದಿದ್ದರೂ, ಇಲ್ಲಿಯ ಒಕ್ಕಲುಗಳು ಗಡಿಗೆ ಕಲ್ಲು ಹೂಳಿದರು, ಅಗಳು ತೋಡಿದರು, ಕಳ್ಳಿ ನೆಟ್ಟರು. ಪದವಿನ ನೀರುಳ್ಳಿಯನ್ನು ಆ ಕೆಲಸಕ್ಕೆ ಕರೆದವರನ್ನು ನಾನು ಕಂಡಿಲ್ಲ.

ಬೆನ್ ಯಿಜುವಿಗೆ ಎರಡು ಶತಮಾನಗಳ ಬಳಿಕ, 1342ರ ಸುಮಾರಿಗೆ ಬಂದ ಇಬ್ನ್ ಬತೂತನು ತಾನು ಮಂಜರೂರೆಂದು ಕರೆದ ಮಂಗಳೂರಿನಲ್ಲಿ ಪಾರಸಿಕ ಮತ್ತು ಯಮನ್ ದೇಶಗಳ ವರ್ತಕರು ಇಳಿಯುವುದನ್ನೂ, ನಾಲ್ಕು ಸಾವಿರದಷ್ಟು ಮುಸಲ್ಮಾನರು ನೆಲಸಿರುವುದನ್ನೂ ಬರೆದಿದ್ದಾನೆ. ಗ್ರೀಕರ ಔಷಧವಿದ್ಯೆಯನ್ನು ಅರಬ್ಬೀ ಭಾಷೆಗೆ ತಿರುಗಿಸಿಕೊಂಡ ಯೂನಾನಿ ವೈದ್ಯರು ಸ್ಕ್ವಿಲ್ಲನ್ನು ಇಸ್ಕೀಲ್ ಎಂದು ಕರೆದು ಕೆಮ್ಮು, ದಮ್ಮು, ಜಲೋದರಗಳಿಗೆ ಕೊಡುತ್ತಿದ್ದರು. ನಮ್ಮ ದೇಶದಲ್ಲಿ ಅದರ ಸೋದರ ಜಾತಿಯು ಕಣ್ಣಿಗೆ ಬಿದ್ದಾಗ ಅದಕ್ಕೆ ಹಿಂದೀ ಇಸ್ಕೀಲ್ ಎಂದು ನಾಮಕರಣವಾಯಿತು. ಇಲ್ಲಿಂದ ಮುಂದೆ ಈ ಗಿಡದ ಚರಿತ್ರೆಯುದ್ದಕ್ಕೂ ನಡೆದದ್ದು ಇದೇ. ಕೀರ್ತಿಯು ಹಡಗಿನಲ್ಲಿ ಬಂತು. ಗಿಡವು ಮನೆಯ ಹಿಂದಿನ ಪದವಿನಲ್ಲಿತ್ತು. ಹಡಗಿನಲ್ಲಿ ಬಂದದ್ದಕ್ಕೆ ಬದಲಿಯಾಗಿ ನಿಲ್ಲುವಷ್ಟರ ಮಟ್ಟಿಗೆ ಮಾತ್ರ ಅದಕ್ಕೆ ಬೆಲೆ ದೊರೆಯಿತು.

ಕಾಡುನೀರುಳ್ಳಿಯ ನೆರೆಯಲ್ಲಿಯೇ ಬೆಳೆಯುವ, ಇದಕ್ಕಿಂತ ವಿಷದಲ್ಲಿ ಕಡಿಮೆಯಲ್ಲದ ಅಗ್ನಿಶಿಖೆಯ ಅದೃಷ್ಟವೇ ಬೇರೆ. ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು ಹಳದಿಗಳ ಜ್ವಾಲೆಯನ್ನು ಹರಡುವ ಆ ಬಳ್ಳಿಯು ಗೌರಿಹಬ್ಬದಲ್ಲಿ ದೇವಿಯ ಹೂವಾಯಿತು, ಡಚ್ಚರ ಕೊಚ್ಚಿಯ ಅಧಿಪತಿ ವಾನ್ ರೀಡನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ತನ್ನ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಅದರ ಚಿತ್ರವನ್ನು ಬರೆಯಿಸಿದನು, ಲಿನೇಯಸನು 1753ರಲ್ಲಿ ಅದಕ್ಕೆ ವೈಭವವನ್ನೇ ಹೆಸರಾಗಿ ಕೊಟ್ಟನು. ರೀಡನಿಗೆ ನೆರವಾದ ವೈದ್ಯರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿಗರಿದ್ದರೆಂಬುದೂ, 1675ರಲ್ಲಿ ಅವರು ನಾಗರ ಲಿಪಿಯಲ್ಲಿ ಕೊಂಕಣಿಯಲ್ಲಿಯೇ ಪ್ರಮಾಣಪತ್ರವನ್ನು ಬರೆದುಕೊಟ್ಟರೆಂಬುದೂ ನಮ್ಮ ರಥಬೀದಿಯ ಸಾರಸ್ವತರು ಹೆಮ್ಮೆಪಡಬೇಕಾದ ಸಂಗತಿ; ಗೋವೆಯಿಂದ ದಕ್ಷಿಣಕ್ಕೆ ಬಂದ ಆ ಸಮಾಜವೇ ಮಂಗಳೂರಿನಲ್ಲಿಯೂ ಕೊಚ್ಚಿಯಲ್ಲಿಯೂ ನೆಲಸಿದ್ದು.

ಆಂಗ್ಲರ ಕಾಲದ ಮೊದಲ ಸಮೀಕ್ಷಕನಾದ ಫ್ರಾನ್ಸಿಸ್ ಬುಕಾನನ್ನನು 1801ರ ಆದಿಭಾಗದಲ್ಲಿ ಆಗಿನ ಕನ್ನಡ ಜಿಲ್ಲೆಯನ್ನು ಹಾದುಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿಯೇ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಮೊದಲು ಬಂದದ್ದು. ಕಲ್ಲನ್ನು ಅಷ್ಟು ಸೂಕ್ಷ್ಮವಾಗಿ ನೋಡಿದವನು, ಸ್ವತಃ ಸಸ್ಯಶಾಸ್ತ್ರಜ್ಞ, ಆ ಕಲ್ಲಿನ ಮೇಲೆ ನಡೆದದ್ದು ಎಲೆ ಒಣಗಿ ಹೂದಂಟು ಇನ್ನೂ ಏಳದ ಕಾಲದಲ್ಲಿ. ಎರಡು ತಿಂಗಳು ತಡವಾಗಿ ಬಂದಿದ್ದರೆ ಹೂದಂಟನ್ನು ಕಾಣುತ್ತಿದ್ದನು. ಕಲ್ಕತ್ತೆಯ ತೋಟದ ಅಧ್ಯಕ್ಷನಾಗಿದ್ದ ರಾಕ್ಸ್‌ಬರ್ಗನು ಈ ಜಾತಿಯನ್ನು ಇಂಡಿಯದ ಸ್ಕ್ವಿಲ್ಲೆಂದು ವರ್ಣಿಸಿದನು. ಆ ವರ್ಣನೆಯುಳ್ಳ ಸಂಪುಟವು ಅವನು ಕಾಲವಾದ ಮೇಲೆ, 1832ರಲ್ಲಿ, ಸೆರಾಂಪುರದಲ್ಲಿ ಅಚ್ಚಾಯಿತು. 1834ರಲ್ಲಿ ಫ್ರೆಂಚರ ಸ್ಟೈನ್‌ಹೈಲನು ಆಲ್ಜೀರಿಯದ ಬೆನ್ ಉರ್ಗಿನ್ ಬುಡಕಟ್ಟಿನ ಹೆಸರಿನಿಂದ ಉರ್ಗಿನಿಯ ಎಂಬ ಹೊಸ ಕುಲವನ್ನು ಕಟ್ಟಿದನು. 1843ರಲ್ಲಿ ಕುಂತನು ರಾಕ್ಸ್‌ಬರ್ಗನ ಗಿಡವನ್ನು ಅದಕ್ಕೆ ಸೇರಿಸಿದನು. ಈ ಎರಡು ವರ್ಷಗಳೂ ಮಂಗಳೂರಿಗೆ ಬೇರೊಂದು ಕಾರಣದಿಂದ ಪರಿಚಿತವಾದವು: 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಇಲ್ಲಿಗೆ ಬಂದಿಳಿದರು, 1843ರಲ್ಲಿ ಮೋಗ್ಲಿಂಗನು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕಾಕತಾಳೀಯವಷ್ಟೇ, ಆದರೂ ಬರೆಯದೆ ಬಿಡಲು ಮನಸ್ಸು ಬಾರದು.

ಮಿಶನ್ನಿನವರಿಗೆ ಗಿಡಮರಗಳಲ್ಲಿ ಆಸಕ್ತಿಯಿತ್ತು. ಮೆಟ್ಸ್ ಎಂಬ ಪಾದ್ರಿಯು ಮಂಗಳೂರಿನ ಸುತ್ತ ಸಂಗ್ರಹಿಸಿದ ಒಣಗಿಡಗಳನ್ನು ಹೊಹೆನಾಕರನು ಜರ್ಮನಿಯಿಂದ, 1849ರ ಸುಮಾರಿನಲ್ಲಿ, ಚೀಟಿ ಅಂಟಿಸಿ ಯೂರೋಪಿನ ಸಸ್ಯಾಗಾರಗಳಿಗೆ ಹಂಚಿದನು. ‘ಮಂಗಳೂರು ಪಟ್ಟಣದ ಬಳಿ’ ಎಂಬರ್ಥದ ಲ್ಯಾಟಿನ್ ಒಕ್ಕಣೆಯು ಇಂದಿಗೂ ಅಲ್ಲಿಯ ಅನೇಕ ಹಾಳೆಗಳ ಮೇಲಿದೆ. 1862ರಲ್ಲಿ ಹುಂಟ್ಸಿಕರನು ಮಿಶನ್ನಿನ ಮುದ್ರಣಾಲಯದಲ್ಲಿ ಇನ್ನೂ ವಿಚಿತ್ರವಾದ ಪುಸ್ತಕವೊಂದನ್ನು ಹೊರಡಿಸಿದನು. ಚಿತ್ರಕಾರನ ಕೈಯೇ ಇಲ್ಲದೆ, ಹಸಿಗಿಡದ ಮೈಯಿಂದಲೇ ಅಚ್ಚು ಪಡೆದು, ನರನಾರುಗಳೆಲ್ಲ ಮೂಡುವಂತೆ ಅದರ ಸಹಜವರ್ಣದಲ್ಲಿಯೇ ತೆಗೆದ ಪ್ರತಿಕೃತಿಗಳವು. ತೆಳ್ಳಗಿನ ಎಲೆಗೆ ಒಪ್ಪುವ ಈ ವಿಧಾನವು ದಪ್ಪಗೆಡ್ಡೆಗೆ ಒಗ್ಗತಕ್ಕದ್ದಲ್ಲ. ಹೂವನ್ನೂ ಎಲೆಯನ್ನೂ ಒಂದೇ ದಿನ ತೋರಿಸದ ಗಿಡಕ್ಕಂತೂ ಒಂದು ಹಾಳೆಯಲ್ಲಿ ನ್ಯಾಯ ದೊರಕುವುದು ಸಾಧ್ಯವೇ ಇರಲಿಲ್ಲ. 1881ರಲ್ಲಿ ಸ್ಟೋಲ್ಟ್ಸನು ಐನೂರು ಗಿಡಗಳ ಔಷಧೋಪಯೋಗಗಳನ್ನು ಕನ್ನಡದಲ್ಲಿ ಬರೆದು ಇಲ್ಲಿಯೇ ಅಚ್ಚು ಹಾಕಿಸಿದನು. 1894ರಲ್ಲಿ ಕಿಟ್ಟೆಲರ ನಿಘಂಟೂ ಅದೇ ಮುದ್ರಣಾಲಯದಿಂದ ಬಂತು. ಹಂಚಿನ ಕಾರ್ಖಾನೆಯಿಂದ ಮಿಶನ್ನಿಗೆ ಬಂದ ಹೆಸರು ಈ ಪುಸ್ತಕಗಳಿಂದ ಬರಲಿಲ್ಲವೆಂಬುದು ಬೇರೆ ಮಾತು.

ಸ್ಟೋಲ್ಟ್ಸನ ಪುಸ್ತಕಕ್ಕೆ ಒಂದು ವರ್ಷ ಮುಂಚೆ, 1880ರಲ್ಲಿ, ಯೇಸುಸಭೆಯ ಪಾದ್ರಿ ಮುಲ್ಲರರು ಬಡವರಿಗಾಗಿ ಹೋಮಿಯೋಪಥಿಯ ಮದ್ದನ್ನು ಹಂಚತೊಡಗಿದರು; ಕಂಕನಾಡಿಯ ಮಹಾ ಆಸ್ಪತ್ರೆಯು ಬೆಳೆದದ್ದು ಆ ಔಷಧಾಲಯದಿಂದಲೇ. ಹೋಮಿಯೋಪಥಿಯ ಮೂಲಪುರುಷನಾದ ಹಾನೆಮನ್ನನು ತಾನೇ ಪರೀಕ್ಷಿಸಿ ಗ್ರಂಥಕ್ಕೇರಿಸಿದ ಮದ್ದುಗಳಲ್ಲಿ ಸ್ಕ್ವಿಲ್ಲೂ ಒಂದಾದುದರಿಂದ, ಮೆಡಿಟರೇನಿಯನ್ ತೀರದ ಗೆಡ್ಡೆಯ ಕೀರ್ತಿಯು ಈ ಸಲ ಸಕ್ಕರೆಗುಳಿಗೆಯ ವೈದ್ಯಗ್ರಂಥಗಳ ಮೂಲಕ ನಮ್ಮೂರಿಗೆ ಬಂತು. ಇಂಗ್ಲಿಷ್ ವೈದ್ಯರ ಕೆಮ್ಮಿನ ಪಾನಕಗಳಲ್ಲಿಯೂ ಅದೇ ಇತ್ತು. ಹಡಗಿನ ಸರಕಿಗೆ ಬದಲು ದೊರೆಯುವ ದೇಶೀಯ ಗೆಡ್ಡೆಗೆ ಸರಕಾರದ ಒಪ್ಪಿಗೆ ದೊರೆತು, 1914ರ ಬ್ರಿಟಿಷ್ ಔಷಧಸಂಹಿತೆಯಲ್ಲಿ ಉರ್ಗಿನಿಯಕ್ಕೆ ಸ್ಥಾನ ಸಿಕ್ಕಿತು. ಕಂದವು ಮುದಿಯಾದಷ್ಟೂ ಗುಣಹೀನವಾಗುವುದರಿಂದ ಎಳೆಯದನ್ನೇ, ಹೂ ಬಾಡಿದ ಬೆನ್ನಿಗೇ ಅಗೆದು, ಕಾಗದದಂಥ ಹೊರಪೊರೆಗಳನ್ನು ಸುಲಿದು, ಹೆಚ್ಚಿ, ಬಿಸಿಲಿಗೆ ಒಣಗಿಸಬೇಕು. ಕೊಂಕಣದ ಬೇಸಗೆಯಲ್ಲಿ ಈ ಕೆಲಸ ಸುಲಭ. ಆದರೆ ಒಣಗಿದ ಹೋಳುಗಳನ್ನು ಪುಡಿಮಾಡಿಟ್ಟರೆ ಅದರಲ್ಲಿಯ ಲೋಳೆಯ ಅಂಶವು ಗಾಳಿಯ ತೇವವನ್ನು ಹೀರಿ, ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮೇ ತಿಂಗಳ ಕೊನೆಯಿಂದ ಉಪ್ಪಿನ ಭರಣಿಯಲ್ಲಿಯೂ ನೀರಾಡುವ ಬಂದರಿನ ಊರಿನಲ್ಲಿ ಇಂಥ ಸರಕನ್ನು ಕಾಪಾಡುವುದು ಎಂಥ ಕಷ್ಟವೆಂಬುದನ್ನು ಇಲ್ಲಿಯ ಯಾವ ಅಂಗಡಿಯವನೂ ಬಲ್ಲ.

ವಿಷವನ್ನು ಮದ್ದಾಗಿ ಕುಡಿಯುವ ಧೈರ್ಯ ತುಳುನಾಡಿಗೆ ಇಲ್ಲವೆಂದಲ್ಲ. ಆಟಿ ಅಮಾವಾಸ್ಯೆಯ ಬೆಳಕು ಹರಿಯುವ ಮುನ್ನ ಹಾಳೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಹಿಕಷಾಯವನ್ನು ಮನೆಮಂದಿಯೆಲ್ಲ ಕುಡಿಯುವ ಪದ್ಧತಿ ಇಂದಿಗೂ ಇದೆ. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆಯನ್ನು ತಂದವರ ದುರಂತವನ್ನು ಹಿರಿಯರು ಎಚ್ಚರಿಕೆಗಾಗಿ ಹೇಳುತ್ತಾರೆ. ಆದರೆ ಆ ಧೈರ್ಯಕ್ಕೆ ಹಬ್ಬದ ಆಧಾರವಿತ್ತು. ಕಾಡುನೀರುಳ್ಳಿಗೆ ಹಬ್ಬವಿಲ್ಲ, ದೈವವಿಲ್ಲ. 1826ರಲ್ಲಿ ಆಯಿನ್‌ಸ್ಲಿಯು ಮದರಾಸು ಕಡೆಯ ಬಳಕೆಯನ್ನು ಬರೆಯುವಾಗ ಕುದುರೆಗಳ ಚಿಕಿತ್ಸಕರೇ ಇದನ್ನು ಹೆಚ್ಚಾಗಿ ನೆಚ್ಚಿದ್ದರೆನ್ನುತ್ತಾನೆ.

1933ರಲ್ಲಿ ಸ್ವಿಟ್ಜರ್ಲೆಂಡಿನ ಷ್ಟೋಲನ ತಂಡವು ಸ್ಕ್ವಿಲ್ಲಿನಿಂದ ಹೃದಯಬಲವರ್ಧಕವಾದ ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿತು. ಅಷ್ಟರಲ್ಲಿ ಅದೇ ಬಗೆಯ ಗುಣವುಳ್ಳ ಡಿಜಿಟಾಲಿಸ್ ವೈದ್ಯರ ಕೈಗೆ ಪಳಗಿಹೋಗಿತ್ತು. ಬದಲಿಯ ಮೂಲಕ್ಕೇ ಬೆಲೆಯಿಳಿದ ಮೇಲೆ ಬದಲಿಯನ್ನು ಕೇಳುವವರು ಯಾರು? ಸಸ್ಯಶಾಸ್ತ್ರಜ್ಞರೂ ಉರ್ಗಿನಿಯವನ್ನು ಡ್ರಿಮಿಯದಲ್ಲಿ ಲೀನಗೊಳಿಸಿದರು. ಇತ್ತ ಪದವುಗಳ ಮೇಲೆ 1951ರಲ್ಲಿ ಬಜಪೆಯ ವಿಮಾನ ನಿಲ್ದಾಣವು ಬಂತು, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ ಬಂತು, ಬಡಾವಣೆಗಳು ಬಂದವು. ಉಳಿದ ಕಡೆ ಕಲ್ಲಿನ ಕೋರೆಗಳು. ಕೋರೆಯವರು ಯಂತ್ರದಿಂದ ಕಲ್ಲು ಕೊಯ್ಯುವ ಮೊದಲು ಮೇಲಿನ ತೆಳುಮಣ್ಣನ್ನು ಕೆರೆದು ಲಾರಿಗೆ ತುಂಬುತ್ತಾರೆ, ಆ ಮಣ್ಣು ನಗರದ ಹಿತ್ತಲುಗಳಿಗೆ ಬರುತ್ತದೆ, ಕಂದಗಳೂ ಅದರೊಡನೆ ಬರುತ್ತವೆ.

ಪದವಿನಂಗಡಿಯ ಕಡೆ ಅಂಥ ಮಣ್ಣು ಹಾಕಿಸಿದ ಮನೆಯೊಂದರ ತೆಂಗಿನ ಬುಡದಲ್ಲಿ ಹೂದಂಟೆದ್ದುದನ್ನು ಏಪ್ರಿಲಿನ ಒಂದು ಸಂಜೆ ನಾನು ನೋಡುತ್ತ ನಿಂತಾಗ, ಮನೆಯ ಹಿರಿಯ ಗೃಹಿಣಿ ಹೊರಗೆ ಬಂದು, “ಇದು ನೀರುಳ್ಳಿಯ ಹಾಗೇ ಉಂಟು, ಸಾಂಬಾರಿಗೆ ಹಾಕ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. ಕೂಡದೆಂದೂ, ಮಕ್ಕಳ ಕೈಗೆ ಸಿಕ್ಕದಂತೆ ನೋಡಿಕೊಳ್ಳಬೇಕೆಂದೂ ಹೇಳಿ ವಿಷದ ಸಂಗತಿಯನ್ನು ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, “ಹಾಗಾದ್ರೆ ಇಲಿಗೆ ಇಡ್ಲಿಕ್ಕೆ ಆದೀತಲ್ಲ ಮಾರಾಯ್ರೇ?” ಎಂದರು. ಪ್ರಶ್ನೆ ಅಸಂಗತವಲ್ಲ, ಇಲಿಗೆ ವಾಂತಿ ಮಾಡಲು ಬಾರದ ಕಾರಣ, ಬೇರೆ ಪ್ರಾಣಿಗಳು ಕಕ್ಕಿ ಬದುಕಿಕೊಳ್ಳುವ ಈ ವಿಷವು ಅದನ್ನು ಕೊಲ್ಲುತ್ತದೆಂದು ಯೂರೋಪಿನವರು ಬಹುಕಾಲ ಈ ಕುಲದ ಗೆಡ್ಡೆಯನ್ನು ಇಲಿಪಾಷಾಣವಾಗಿ ಮಾರಿದ್ದರು. ಆದರೆ ಅದಕ್ಕೆ ಬೇಕಾದದ್ದು ಮೆಡಿಟರೇನಿಯನ್ ತೀರದ ಸ್ಕ್ವಿಲ್ಲಿನ ಕೆಂಪುಗೆಡ್ಡೆಯ ಬಗೆ. ನಮ್ಮ ಪದವಿನದು ಬಿಳಿಯದು.